ಎದ್ದು ನಿಲ್ಲಲಾರದ ಕೋಳಿಮರಿ

ಕಾವಿಗೆ ಕುಳಿತ ಹೇಂಟೆಯು ಇಪ್ಪತ್ತೊಂದು ದಿನಗಳ ವ್ರತವನ್ನು ಮುಗಿಸಿ ಮಂಕರಿಯಿಂದ ಕೆಳಗಿಳಿಯುವ ದೃಶ್ಯವನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಕಂಡಿರುತ್ತಾರೆ. ಮುಂದೆ ತಾಯಿ, ಹಿಂದೆ ಹತ್ತಿಯ ಉಂಡೆಗಳಂತೆ ಉರುಳುತ್ತ ಬರುವ ಹತ್ತು ಹನ್ನೆರಡು ಮರಿಗಳು. ತಾಯಿ ಕಾಲಿನಿಂದ ನೆಲವನ್ನು ಕೆದಕಿ ಕರೆದೊಡನೆ ಮರಿಗಳೆಲ್ಲ ಓಡಿಬಂದು ಕೊಕ್ಕಿನಿಂದ ಮಣ್ಣನ್ನು ಪರೀಕ್ಷಿಸತೊಡಗುತ್ತವೆ. ಆದರೆ ಮಂಕರಿಯೊಳಗೆ ಒಮ್ಮೆ ಇಣಿಕಿ ನೋಡಿದರೆ, ಕೆಲವು ವೇಳೆ ಒಡೆದ ಚಿಪ್ಪುಗಳ ನಡುವೆ ಒಂದು ಮರಿ ಅಲ್ಲಿಯೇ ಉಳಿದುಬಿಟ್ಟಿರುವುದುಂಟು. ಅದರ ಕಾಲುಗಳು ಎರಡು ಪಕ್ಕಕ್ಕೂ ಚಾಚಿಕೊಂಡಿವೆ, ಏಳಲು ಯತ್ನಿಸಿದಷ್ಟೂ ಎದೆಯ ಮೇಲೆ ಬೀಳುತ್ತದೆ, ಧ್ವನಿ ಕ್ಷೀಣವಾಗಿದೆ. ತಾಯಿ ಅದಕ್ಕಾಗಿ ಕಾಯುವುದಿಲ್ಲ. ಒಂದು ಮರಿಗಾಗಿ ನಿಂತರೆ ಉಳಿದ ಹತ್ತು ಮರಿಗಳು ಹಸಿಯಬೇಕಾಗುತ್ತದೆ. ಮನೆಯ ಹಿರಿಯರು, “ಅದು ಬದುಕುವ ಮರಿಯಲ್ಲ, ಬಿಡು” ಎನ್ನುತ್ತಾರೆ.

ಹಿರಿಯರ ಮಾತು ಎಷ್ಟೋ ಸಲ ನಿಜವಾಗುತ್ತದೆ. ಆದರೆ ಯಾವಾಗಲೂ ನಿಜವಾಗಬೇಕೆಂಬ ನಿಯಮವೇನೂ ಇಲ್ಲ. ನಿತ್ರಾಣವಾಗಿ ಹುಟ್ಟಿದ ಮರಿಗಳಲ್ಲಿ ಕೆಲವು, ಬಿಸಿಯೂ ಎರಡು ಹನಿ ನೀರೂ ದೊರೆತರೆ ಸಂಜೆಯೊಳಗೆ ಎದ್ದು ನಿಲ್ಲುತ್ತವೆ. ಇನ್ನು ಕೆಲವಕ್ಕೆ ಒಂದು ಗೇಣು ಪಟ್ಟಿಯೂ ಮೂರು ದಿನಗಳ ತಾಳ್ಮೆಯೂ ಸಾಕು. ಮತ್ತೆ ಕೆಲವನ್ನು ಯಾರೂ ಉಳಿಸಲಾರರು. ಈ ಮೂರು ಬಗೆಗಳನ್ನು ಬೇರ್ಪಡಿಸಿ ಗುರುತಿಸುವುದೇ ಶುಶ್ರೂಷೆಯ ಮೊದಲ ಪಾಠ. ಅದಕ್ಕಾಗಿ ನಾವು ಮರಿ ಹೊರಗೆ ಬರುವುದಕ್ಕಿಂತ ಸ್ವಲ್ಪ ಹಿಂದಕ್ಕೆ, ಮೊಟ್ಟೆಯ ಒಳಕ್ಕೇ, ಹೋಗಬೇಕಾಗಿದೆ.

ಚಿಪ್ಪಿನೊಳಗಿನ ಕೊನೆಯ ಮೂರು ದಿನಗಳು

ಕಾವಿನ ಹದಿನೆಂಟನೆಯ ದಿನದ ಹೊತ್ತಿಗೆ ಭ್ರೂಣವು ಬೆಳೆದು, ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಗೂಡೊಂದನ್ನು ಬಿಟ್ಟರೆ ಚಿಪ್ಪಿನ ಒಳಭಾಗವನ್ನೆಲ್ಲ ತುಂಬಿಕೊಂಡಿರುತ್ತದೆ. ಈವರೆಗೆ ಅದು ಶ್ವಾಸಕೋಶಗಳಿಂದ ಉಸಿರಾಡಿಲ್ಲ. ಚಿಪ್ಪಿನ ಒಳಮೈಗೆ ಅಂಟಿದಂತೆ ಹರಡಿರುವ ತೆಳುಪೊರೆಯಲ್ಲಿ ರಕ್ತನಾಳಗಳ ಒಂದು ಬಲೆಯಿದೆ. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಬರುವ ಆಮ್ಲಜನಕವನ್ನು ಈ ನಾಳಗಳೇ ಹೀರಿಕೊಂಡು ಭ್ರೂಣಕ್ಕೆ ಒದಗಿಸುತ್ತಿದ್ದುವು. ಮರಿ ದೊಡ್ಡದಾದಂತೆಲ್ಲ ಈ ಏರ್ಪಾಡು ಸಾಲದಾಗುತ್ತದೆ. ಆಗ ಮರಿಯು ಕತ್ತಿನ ಹಿಂಬದಿಯ ಬಲವಾದ ಸ್ನಾಯುವಿನ ನೆರವಿನಿಂದ ಕೊಕ್ಕನ್ನು ಮೇಲಕ್ಕೆ ಚಿಮ್ಮಿ ಗಾಳಿಗೂಡಿನ ಪೊರೆಯನ್ನು ಸೀಳುತ್ತದೆ. ಅದರ ಜೀವಮಾನದ ಮೊದಲ ಉಸಿರನ್ನು ಅಲ್ಲಿ ಎಳೆದುಕೊಳ್ಳುತ್ತದೆ. ಕೆಲವು ಗಂಟೆಗಳ ತರುವಾಯ, ಕೊಕ್ಕಿನ ತುದಿಯಲ್ಲಿರುವ ‘ಮೊಟ್ಟೆಹಲ್ಲು’ ಎಂಬ ಗಟ್ಟಿಯಾದ ಸಣ್ಣ ಮುಳ್ಳಿನಿಂದ ಚಿಪ್ಪನ್ನೇ ಒಂದು ಕಡೆ ಬಿರುಕುಗೊಳಿಸುತ್ತದೆ.

ಇಲ್ಲಿ ನೋಡುವವರ ತಾಳ್ಮೆ ಕೆಡುತ್ತದೆ. ಬಿರುಕು ಬಿಟ್ಟ ಮೇಲೆ ಮರಿ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಅದು ಸೋತಿದೆಯೆಂದು ಭಾವಿಸಿ ಚಿಪ್ಪನ್ನು ಬಿಡಿಸಿಬಿಡೋಣವೆಂದು ಕೈ ತವಕಿಸುತ್ತದೆ. ಆದರೆ ಹೊರಗೆ ವಿಶ್ರಾಂತಿಯಂತೆ ಕಾಣುವ ಈ ಅವಧಿಯಲ್ಲಿ ಒಳಗೆ ಎರಡು ದೊಡ್ಡ ಕೆಲಸಗಳು ನಡೆದಿರುತ್ತವೆ. ಪೊರೆಯ ನಾಳಗಳಲ್ಲಿರುವ ರಕ್ತವು ಮರಿಯ ದೇಹಕ್ಕೆ ಹಿಂತಿರುಗುತ್ತಿರುತ್ತದೆ. ಮೊಟ್ಟೆಯಲ್ಲಿ ಉಳಿದ ಹಳದಿ ಭಾಗವು ತನ್ನ ಚೀಲದ ಸಮೇತ ಹೊಕ್ಕುಳಿನ ದ್ವಾರದಿಂದ ಹೊಟ್ಟೆಯೊಳಕ್ಕೆ ಸೆಳೆಯಲ್ಪಟ್ಟು ದ್ವಾರವು ಮುಚ್ಚಿಕೊಳ್ಳುತ್ತಿರುತ್ತದೆ. ಈ ಕೆಲಸ ಮುಗಿಯುವುದಕ್ಕೆ ಮುನ್ನ ಚಿಪ್ಪನ್ನು ಬಿಡಿಸಿದರೆ ನಾಳಗಳು ಹರಿದು ರಕ್ತ ಸುರಿಯುತ್ತದೆ. ಹಳದಿ ಚೀಲ ಹೊರಗೆ ಉಳಿದುಬಿಡುತ್ತದೆ. ಸಹಾಯ ಮಾಡಹೋದ ಕೈಯೇ ಮರಿಯನ್ನು ಕೊಂದಂತಾಗುತ್ತದೆ. ಆದುದರಿಂದ ಮೊದಲ ಬಿರುಕು ಕಂಡ ಮೇಲೆ ಇಪ್ಪತ್ತನಾಲ್ಕು ಗಂಟೆಗಳ ಕಾಲ ಮುಟ್ಟದೆ ಕಾಯುವುದೇ ಸರಿ. ಅನಂತರವೂ ಕೆಲಸ ಮುಂದುವರಿಯದೆ, ಪೊರೆ ಒಣಗಿ ಕಂದುಬಣ್ಣದ ತೊಗಲಿನಂತಾಗಿದ್ದರೆ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ಒದ್ದೆಮಾಡಿ, ಗಾಳಿಗೂಡಿನ ಕಡೆಯಿಂದ ಚಿಪ್ಪಿನ ಒಂದೊಂದೇ ಚೂರನ್ನು ಎತ್ತಬಹುದು. ಒಂದು ಹನಿ ರಕ್ತ ಕಂಡರೂ ಅಲ್ಲಿಗೆ ನಿಲ್ಲಿಸಬೇಕು. ಕೊನೆಯ ಒದೆತವನ್ನು ಮರಿಗೇ ಬಿಡತಕ್ಕದ್ದು.

ಹೊಟ್ಟೆಯೊಳಗಿನ ಬುತ್ತಿ

ಅರವತ್ತು ಗ್ರಾಂ ತೂಕದ ಮೊಟ್ಟೆಯಿಂದ ಸುಮಾರು ನಲವತ್ತು ಗ್ರಾಂ ತೂಗುವ ಮರಿ ಹೊರಬರುತ್ತದೆ. ಈ ನಲವತ್ತು ಗ್ರಾಂಗಳಲ್ಲಿ ಐದಾರು ಗ್ರಾಂ ಅದರ ಸ್ವಂತ ಮಾಂಸವಲ್ಲ. ಹೊಟ್ಟೆಯೊಳಗೆ ಸೇರಿದ ಹಳದಿಯ ಶೇಷ. ಪ್ರಯಾಣಕ್ಕೆ ಹೊರಟವರು ಬುತ್ತಿ ಕಟ್ಟಿಕೊಳ್ಳುವಂತೆ ಕೋಳಿಮರಿಯು ಎರಡು ಮೂರು ದಿನಗಳ ಆಹಾರವನ್ನು ಹೊಟ್ಟೆಯಲ್ಲಿಯೇ ಕಟ್ಟಿಕೊಂಡು ಲೋಕಕ್ಕೆ ಬರುತ್ತದೆ. ಕೊಬ್ಬು, ಸಸಾರಜನಕ ಮಾತ್ರವಲ್ಲದೆ, ರೋಗಗಳನ್ನು ತಡೆಯಲು ತಾಯಿ ಕೊಟ್ಟ ಪ್ರತಿಕಾಯಗಳೂ ಆ ಬುತ್ತಿಯಲ್ಲಿರುತ್ತವೆ. ಮೊದಲು ಹುಟ್ಟಿದ ಮರಿ ಕೊನೆಯ ಮರಿ ಹುಟ್ಟುವವರೆಗೆ ಏನನ್ನೂ ತಿನ್ನದೆ ತಾಯಿಯ ಮಡಿಲಲ್ಲಿ ಕಾದಿರಲು ಸಾಧ್ಯವಾಗುವುದು ಇದರಿಂದಲೇ. ಒಂದು ದಿನದ ಮರಿಗಳನ್ನು ಪೆಟ್ಟಿಗೆಗಳಲ್ಲಿ ಇಟ್ಟು ದೂರದ ಊರುಗಳಿಗೆ ಕಳುಹಿಸುವ ವ್ಯಾಪಾರವೂ ಇದನ್ನೇ ಆಧರಿಸಿದೆ. ಅಮೆರಿಕದ ಅಂಚೆ ಇಲಾಖೆಯು ೧೯೧೮ರಷ್ಟು ಹಿಂದೆಯೇ ಇಂಥ ಮರಿಗಳನ್ನು ಅಂಚೆಯಲ್ಲಿ ಸಾಗಿಸಲು ಒಪ್ಪಿಕೊಂಡಿತು.

ನಿತ್ರಾಣ ಮರಿಯ ಶುಶ್ರೂಷೆಗೆ ಈ ಬುತ್ತಿ ಒಂದು ದೊಡ್ಡ ಆಸರೆ. ಮರಿ ಹುಟ್ಟಿದ ದಿನವೇ ತಿನ್ನುತ್ತಿಲ್ಲವೆಂದು ಗಾಬರಿಯಾಗಬೇಕಾದುದಿಲ್ಲ. ಅದೇ ಕಾಲಕ್ಕೆ ಇದೊಂದು ಗಡುವೂ ಹೌದು. ಎರಡು ಮೂರು ದಿನಗಳಲ್ಲಿ ಬುತ್ತಿ ಕರಗುತ್ತದೆ. ಅಷ್ಟರೊಳಗೆ ಮರಿ ತಾನಾಗಿ ನೀರಿನ ಬಳಿಗೂ ಮೇವಿನ ಬಳಿಗೂ ನಡೆದು ಹೋಗುವಂತಾಗಬೇಕು. ನಾವು ಮಾಡಬೇಕಾದುದೆಲ್ಲವನ್ನೂ ಈ ಅವಧಿಯೊಳಗೆ ಮಾಡಬೇಕು.

ಮೊದಲು ಬಿಸಿ, ಬಳಿಕ ನೀರು, ಆಮೇಲೆ ಮೇವು

ಬೆಳೆದ ಕೋಳಿಯ ದೇಹದ ಉಷ್ಣತೆ ಸುಮಾರು ೪೧ ಡಿಗ್ರಿ ಸೆಲ್ಸಿಯಸ್. ಆಗತಾನೆ ಹುಟ್ಟಿದ ಮರಿಯ ಉಷ್ಣತೆ ಇದಕ್ಕಿಂತ ಒಂದೆರಡು ಡಿಗ್ರಿ ಕಡಮೆ. ಅಷ್ಟೇ ಅಲ್ಲ, ಅದನ್ನು ಕಾಪಾಡಿಕೊಳ್ಳುವ ಶಕ್ತಿಯೂ ಮೊದಲ ಹತ್ತು ಹದಿನೈದು ದಿನಗಳವರೆಗೆ ಪೂರ್ಣವಾಗಿ ಬಂದಿರುವುದಿಲ್ಲ. ಒದ್ದೆಯಾದ ಮರಿಯಂತೂ ಕೆಲವೇ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ತಣ್ಣಗಾದ ಮರಿಗೆ ನುಂಗಲು ಬಾರದು; ನುಂಗಿದ್ದು ಜೀರ್ಣವಾಗದು. ಆದುದರಿಂದ ತಣ್ಣಗಿರುವ ಮರಿಯ ಬಾಯಿಗೆ ಆಹಾರವನ್ನು ತುರುಕುವುದು ದೊಡ್ಡ ತಪ್ಪು. ಮೊದಲು ಬಿಸಿ ಕೊಡಬೇಕು.

ಒಂದು ರಟ್ಟಿನ ಪೆಟ್ಟಿಗೆಯ ತಳಕ್ಕೆ ಒರಟಾದ ಬಟ್ಟೆಯನ್ನು ಹಾಸಿ, ಒಂದು ಮೂಲೆಯ ಮೇಲೆ ನಲವತ್ತು ಅಥವಾ ಅರವತ್ತು ವಾಟಿನ ತಂತಿಬಲ್ಬನ್ನು, ಪೆಟ್ಟಿಗೆಗೂ ಬಟ್ಟೆಗೂ ತಾಗದಂತೆ ಭದ್ರವಾಗಿ ತೂಗುಹಾಕಿ. ಈಗ ಮನೆಗಳಲ್ಲಿ ಬಳಕೆಯಲ್ಲಿರುವ ಎಲ್‌ಇಡಿ ದೀಪ ಇದಕ್ಕೆ ಒದಗದು. ಅದು ಬೆಳಕನ್ನು ಕೊಟ್ಟೀತೇ ಹೊರತು ಬೇಕಾದಷ್ಟು ಶಾಖವನ್ನು ಕೊಡಲಾರದು. ವಿದ್ಯುಚ್ಛಕ್ತಿ ಇಲ್ಲದೆಡೆ ಬಿಸಿನೀರು ತುಂಬಿದ ಶೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಇಡಬಹುದು. ಬಲ್ಬಿನ ಕೆಳಗೆ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು ೩೫ ಡಿಗ್ರಿ ಉಷ್ಣತೆ ಇರಲಿ. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಪೆಟ್ಟಿಗೆಯ ಇನ್ನೊಂದು ಮೂಲೆ ತಂಪಾಗಿಯೇ ಇರಬೇಕು. ಉಷ್ಣಮಾಪಕ ಇಲ್ಲದಿದ್ದರೆ ಮರಿಯನ್ನೇ ಗಮನಿಸಿ. ದೀಪದ ಕೆಳಗೆ ಮುದುರಿ ಕೀಚುಗುಟ್ಟಿದರೆ ಬಿಸಿ ಸಾಲದು. ರೆಕ್ಕೆಗಳನ್ನು ಅಗಲಿಸಿ ಬಾಯಿ ತೆರೆದು ಏದುತ್ತಿದ್ದರೆ ಬಿಸಿ ಹೆಚ್ಚಾಯಿತು. ಆದರೆ ನಡೆಯಲಾರದ ಮರಿ ಬಿಸಿಯಿಂದ ತಾನಾಗಿ ದೂರ ಸರಿಯಲಾರದು. ಆದುದರಿಂದ ಅದನ್ನು ಮತ್ತೆ ಮತ್ತೆ ನೋಡುತ್ತಿರಬೇಕು.

ಮರಿ ಬೆಚ್ಚಗಾಗಿ ಕಣ್ಣು ತೆರೆದ ಮೇಲೆ ನೀರು. ಕಾಲು ಲೀಟರು ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆಯನ್ನು ಕರಗಿಸಿ, ಬೆರಳ ತುದಿಯಿಂದ ಕೊಕ್ಕಿನ ಪಕ್ಕಕ್ಕೆ ಒಂದು ಹನಿಯನ್ನು ಮುಟ್ಟಿಸಿ. ಮರಿ ತಲೆಯೆತ್ತಿ ಅದನ್ನು ನುಂಗುತ್ತದೆ. ಆಮೇಲೆ ಮತ್ತೊಂದು ಹನಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ತೆರೆದಿರುವುದರಿಂದ, ಗಂಟಲಿಗೆ ನೇರವಾಗಿ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವುಂಟು. ಸಕ್ಕರೆನೀರು ಮೊದಲ ದಿನಕ್ಕೆ ಸಾಕು. ಮರುದಿನದಿಂದ ಬರಿಯ ನೀರನ್ನು ಆಳವಿಲ್ಲದ ತಟ್ಟೆಯಲ್ಲಿ ಇಡಿ. ತಟ್ಟೆಯೊಳಗೆ ಶುದ್ಧವಾದ ಸಣ್ಣ ಕಲ್ಲುಗಳನ್ನು ಹಾಕಿದ್ದರೆ ನಿತ್ರಾಣ ಮರಿ ನೀರಿನಲ್ಲಿ ಬಿದ್ದು ಮುಳುಗುವುದಿಲ್ಲ. ಮೇವಿಗೆ ಮರಿಗಳ ಪುಡಿಮೇವನ್ನು ನೀರಿನಲ್ಲಿ ಕಲಸಿ ಕೊಡಬಹುದು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಚಿಟಿಕೆಯಷ್ಟು ಪುಡಿಮಾಡಿ ಅದರೊಡನೆ ಬೆರೆಸಬಹುದು. ಬಿಳಿಯ ಹಾಳೆಯ ಚೂರಿನ ಮೇಲೆ ಮೇವನ್ನು ಉದುರಿಸಿ ಬೆರಳಿನಿಂದ ಕುಟ್ಟಿ ತೋರಿಸಿದರೆ, ತಾಯಿಯ ಕೊಕ್ಕಿನ ಸದ್ದನ್ನು ಕೇಳಿದಂತೆ ಮರಿ ತಾನೂ ಕುಕ್ಕತೊಡಗುತ್ತದೆ.

ಚಾಚಿದ ಕಾಲು, ಮುದುರಿದ ಬೆರಳು

ಇಷ್ಟರಿಂದಲೇ ಚೇತರಿಸಿಕೊಳ್ಳುವ ಮರಿಗಳು ಬಹಳ. ಆದರೆ ಬಿಸಿ ನೀರು ಮೇವುಗಳಿಂದ ಸರಿಹೋಗದ ಕಾಲಿನ ದೋಷಗಳೂ ಇವೆ. ಅವುಗಳಲ್ಲಿ ಸಾಮಾನ್ಯವಾದುದು ಕಾಲುಗಳು ಪಕ್ಕಕ್ಕೆ ಜಾರಿ ಚಾಚಿಕೊಳ್ಳುವುದು. ಹುಟ್ಟಿದ ಮೊದಲ ಗಂಟೆಗಳಲ್ಲಿ ಮರಿ ನುಣುಪಾದ ನೆಲದ ಮೇಲೋ ವೃತ್ತಪತ್ರಿಕೆಯ ಮೇಲೋ ನಿಲ್ಲಲು ಯತ್ನಿಸಿದರೆ ಪಾದಗಳಿಗೆ ಹಿಡಿತ ಸಿಕ್ಕದೆ ಕಾಲುಗಳು ಅಗಲಕ್ಕೆ ಜಾರುತ್ತವೆ. ಕಾವಿನ ಉಷ್ಣತೆ ಏರುಪೇರಾಗಿದ್ದರೂ, ಚಿಪ್ಪೊಡೆಯುವ ಶ್ರಮ ಮಿತಿಮೀರಿದ್ದರೂ ಹೀಗಾಗುವುದುಂಟು. ಎಲುಬುಗಳಲ್ಲಿ ಮೃದ್ವಸ್ಥಿಯ ಅಂಶ ಇನ್ನೂ ಹೆಚ್ಚಾಗಿರುವ, ಕೀಲುಗಳ ಕಟ್ಟುಗಳು ಸಡಿಲವಾಗಿರುವ ಕಾಲವದು. ಕಾಲುಗಳು ಯಾವ ಭಂಗಿಯಲ್ಲಿ ಇರುತ್ತವೆಯೋ ಆ ಭಂಗಿಯಲ್ಲಿಯೇ ಗಟ್ಟಿಯಾಗತೊಡಗುತ್ತವೆ. ದೋಷವು ಶೀಘ್ರವಾಗಿ ಸ್ಥಿರವಾಗುವುದಕ್ಕೂ, ಬೇಗ ಕೈಹಾಕಿದರೆ ಸುಲಭವಾಗಿ ಸರಿಹೋಗುವುದಕ್ಕೂ ಕಾರಣ ಒಂದೇ.

ಚಿಕಿತ್ಸೆ ಸರಳವಾದುದು. ಔಷಧದ ಅಂಗಡಿಯಲ್ಲಿ ದೊರೆಯುವ ಬಟ್ಟೆಯ ಅಂಟುಪಟ್ಟಿಯನ್ನು ಅರ್ಧ ಸೆಂಟಿಮೀಟರು ಅಗಲಕ್ಕೆ ಕತ್ತರಿಸಿ, ಹಿಮ್ಮಡಿ ಕೀಲಿಗೂ ಪಾದಕ್ಕೂ ನಡುವೆ ಒಂದು ಕಾಲಿಗೆ ಸಡಿಲವಾಗಿ ಸುತ್ತಿ, ಅದನ್ನೇ ಇನ್ನೊಂದು ಕಾಲಿಗೂ ತಂದು ಸುತ್ತಬೇಕು. ಎರಡು ಕಾಲುಗಳ ನಡುವೆ ಸುಮಾರು ಎರಡೂವರೆ ಸೆಂಟಿಮೀಟರು ಅಂತರವಿರಲಿ. ಮರಿ ಮೊದಮೊದಲು ಮುಗ್ಗರಿಸುತ್ತದೆ; ಕೈಯ ಆಸರೆ ಕೊಟ್ಟು ಒರಟು ಬಟ್ಟೆಯ ಮೇಲೆ ದಿನಕ್ಕೆ ನಾಲ್ಕಾರು ಸಲ ನಿಲ್ಲಿಸಿ ಅಭ್ಯಾಸ ಮಾಡಿಸಬೇಕು. ಪಾದ ಊದಿಕೊಂಡಿದೆಯೆ, ಪಟ್ಟಿ ಬಿಗಿದಿದೆಯೆ ಎಂಬುದನ್ನು ಬೆಳಿಗ್ಗೆ ಸಂಜೆ ನೋಡುವುದು ಅವಶ್ಯ. ಮೊದಲ ಎರಡು ದಿನಗಳೊಳಗೆ ಇದನ್ನು ಆರಂಭಿಸಿದರೆ ಬಹುಮಟ್ಟಿಗೆ ಎರಡರಿಂದ ನಾಲ್ಕು ದಿನಗಳಲ್ಲಿ ಪಟ್ಟಿಯನ್ನು ತೆಗೆದುಹಾಕಬಹುದು. ವಾರ ಕಳೆದ ಮೇಲೆ ಆರಂಭಿಸಿದರೆ ಫಲ ಅಪರೂಪ.

ಹುಟ್ಟುವಾಗಲೇ ಬೆರಳುಗಳು ಒಳಕ್ಕೆ ಮುದುರಿದ್ದರೆ, ಪಾದದ ಆಕಾರಕ್ಕೆ ಕತ್ತರಿಸಿದ ರಟ್ಟಿನ ಚೂರಿನ ಮೇಲೆ ಬೆರಳುಗಳನ್ನು ಬಿಡಿಸಿಟ್ಟು ಅಂಟುಪಟ್ಟಿಯಿಂದ ಹಿಡಿಸಬೇಕು. ಮುರಿದ ಮೂಳೆಗೆ ನಾಟಿವೈದ್ಯರು ಬಿದಿರಿನ ದಬ್ಬೆ ಕಟ್ಟುವುದನ್ನು ನೀವು ಕಂಡಿರಬಹುದು. ಇದೂ ಅಂಥದೇ ಒಂದು ಪುಟ್ಟ ದಬ್ಬೆ. ಒಂದೆರಡು ದಿನಗಳಲ್ಲಿ ಬೆರಳು ನೆಟ್ಟಗಾಗುತ್ತದೆ.

ಅಂಗವಿಕಲ ಮರಿಯನ್ನು ಇತರ ಮರಿಗಳು ಕುಕ್ಕಿ ಹಿಂಸಿಸುತ್ತವೆ. ಆದರೆ ಪೂರ್ಣವಾಗಿ ಒಂಟಿಯಾಗಿ ಇಟ್ಟರೆ ಅದು ಕೂಗಿ ಕೂಗಿ ಬಳಲುತ್ತದೆ. ಆದುದರಿಂದ ಪೆಟ್ಟಿಗೆಯನ್ನು ತಂತಿಬಲೆಯಿಂದ ಎರಡು ಪಾಲುಮಾಡಿ, ಇನ್ನೊಂದು ಪಾಲಿನಲ್ಲಿ ಒಂದು ಸಾಧು ಮರಿಯನ್ನು ಇರಿಸುವುದು ಮೇಲು. ನಡೆಯಲು ಬಂದ ಕೂಡಲೆ, ಸಾಧ್ಯವಾದರೆ ಮೊದಲ ಎರಡು ಮೂರು ದಿನಗಳಲ್ಲಿಯೇ, ರಾತ್ರಿಯ ಕತ್ತಲಲ್ಲಿ ತಾಯಿಯ ರೆಕ್ಕೆಯಡಿ ಸೇರಿಸಿ, ಬೆಳಿಗ್ಗೆ ಅವಳು ಅದನ್ನು ಒಪ್ಪಿಕೊಂಡಳೆ ಎಂದು ನೋಡಬೇಕು.

ಕೋಳಿಗಳು ಕಲಿಸಿದ ಪಾಠ

ಹುಟ್ಟಿದಾಗ ನೆಟ್ಟಗಿದ್ದು ಒಂದೆರಡು ವಾರಗಳ ಮೇಲೆ ಕಾಲು ಕೆಡುವ ಮರಿಗಳದು ಬೇರೆಯೇ ಕಥೆ. ಅದು ಅಪಘಾತವಲ್ಲ, ಆಹಾರದ ಕೊರತೆ. ಈ ಮಾತನ್ನು ಮನುಷ್ಯನಿಗೆ ಮೊದಲು ಸೂಚಿಸಿದುದು ಕೋಳಿಗಳೇ. ಬೆರಿಬೆರಿ ರೋಗದ ಕಾರಣವನ್ನು ಹುಡುಕಲು ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಜಾವಾದ್ವೀಪಕ್ಕೆ ಹೋಗಿದ್ದಾಗ, ಅಲ್ಲಿನ ಪ್ರಯೋಗಶಾಲೆಯ ಕೋಳಿಗಳು ತೂರಾಡಿ ಬೀಳತೊಡಗಿದುವು. ಅವುಗಳಿಗೆ ಸೈನಿಕರ ಆಸ್ಪತ್ರೆಯ ಅಡಿಗೆಮನೆಯಿಂದ ಉಳಿದ, ತೌಡು ತೆಗೆದ ಬಿಳಿಯ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು, ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲಾಗದೆಂದು ನಿಲ್ಲಿಸಿಬಿಟ್ಟ. ತೌಡಿರುವ ಅಕ್ಕಿಯನ್ನು ತಿಂದ ಕೋಳಿಗಳು ಗುಣವಾದುವು! ಅನ್ನದಲ್ಲಿ ಯಾವುದೋ ವಿಷವಿದ್ದು ತೌಡು ಅದನ್ನು ನಿವಾರಿಸುವುದೆಂದು ಐಕ್‌ಮನ್ ಮೊದಲು ಊಹಿಸಿದ್ದರು. ವಿಷವಲ್ಲ, ತೌಡಿನಲ್ಲಿರುವ ಒಂದು ಅಗತ್ಯ ವಸ್ತುವಿನ ಅಭಾವವೇ ರೋಗಕ್ಕೆ ಕಾರಣವೆಂದು ೧೯೦೧ರಲ್ಲಿ ಅವರ ಸಹೋದ್ಯೋಗಿ ಖೆರಿಟ್ ಖ್ರೈನ್ಸ್ ವಿವರಿಸಿದರು. ಆ ವಸ್ತುವೇ ಇಂದು ತಯಮಿನ್ ಎನಿಸಿಕೊಂಡಿರುವ ಬಿ-೧ ಜೀವಸತ್ವ. ಐಕ್‌ಮನ್ನರಿಗೆ ೧೯೨೯ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ತಯಮಿನ್ ಸಾಲದ ಮರಿ ಕತ್ತನ್ನು ಹಿಂದಕ್ಕೆ ಬಾಗಿಸಿ ಆಕಾಶವನ್ನು ನೋಡುವಂತೆ ಕುಳಿತುಕೊಳ್ಳುತ್ತದೆ. ರಿಬೋಫ್ಲೇವಿನ್ ಎಂಬ ಬಿ-೨ ಜೀವಸತ್ವ ಸಾಲದಿದ್ದರೆ ಕಾಲಿನ ನರಗಳು ಕೆಟ್ಟು, ಬೆರಳುಗಳು ಒಳಕ್ಕೆ ಮುದುರಿ, ಮರಿ ಹಿಮ್ಮಡಿಯ ಮೇಲೆ ಕುಳಿತು ತೆವಳುತ್ತದೆ. ಮ್ಯಾಂಗನೀಸ್ ಎಂಬ ಲೋಹಾಂಶ ಸಾಲದಿದ್ದರೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ತನ್ನ ಕಾಲುವೆಯಿಂದ ಪಕ್ಕಕ್ಕೆ ಜಾರುತ್ತದೆ; ಇದನ್ನು ಅಮೆರಿಕದ ವಿಜ್ಞಾನಿಗಳು ೧೯೩೬ರಲ್ಲಿ ಕಂಡುಕೊಂಡರು. ಬೇಕಾಗುವ ಪ್ರಮಾಣವಾದರೂ ಎಷ್ಟು? ಒಂದು ಕಿಲೋಗ್ರಾಂ ಮೇವಿನಲ್ಲಿ ಸುಮಾರು ೩.೬ ಮಿಲಿಗ್ರಾಂ ರಿಬೋಫ್ಲೇವಿನ್, ೬೦ ಮಿಲಿಗ್ರಾಂ ಮ್ಯಾಂಗನೀಸ್. ಹುಳು, ಹುಪ್ಪಟೆ, ಸೊಪ್ಪುಗಳನ್ನು ಆಯ್ದು ತಿನ್ನುವ ನಾಟಿಕೋಳಿಗೆ ಇವು ತಾವಾಗಿ ಒದಗುತ್ತವೆ. ಗೂಡಿನಲ್ಲಿಯೇ ಇದ್ದು ಬರಿಯ ಕಾಳನ್ನು ತಿನ್ನುವ ಹೇಂಟೆಯ ಮೊಟ್ಟೆಯಲ್ಲಿ ಇವು ಕಡಮೆಯಾಗಿ, ಮರಿ ಬಡತನವನ್ನು ಹೊತ್ತೇ ಹುಟ್ಟುತ್ತದೆ. ತಾಯಿಗೆ ತೌಡನ್ನೂ ಹಸಿರು ಸೊಪ್ಪನ್ನೂ ಕೊಡುವುದೆಂದರೆ ಮುಂದೆ ಹುಟ್ಟಲಿರುವ ಮರಿಗೆ ಚಿಕಿತ್ಸೆ ಮಾಡಿದಂತೆಯೇ.

ಬೆರಳು ಮುದುರಿದ ಆರಂಭದಲ್ಲಿಯೇ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಜೀವಸತ್ವವನ್ನು ಕೊಟ್ಟರೆ ಮರಿ ಗುಣವಾಗುತ್ತದೆ. ನರ ಪೂರ್ತಿಯಾಗಿ ಕೆಟ್ಟ ಮೇಲೆ ಕೊಟ್ಟ ಔಷಧ ವ್ಯರ್ಥ. ಜಾರಿದ ರಜ್ಜು ಮ್ಯಾಂಗನೀಸಿನಿಂದ ಹಿಂತಿರುಗಿ ತನ್ನ ಸ್ಥಾನಕ್ಕೆ ಬರುವುದಿಲ್ಲ. ಆಹಾರವು ಉಳಿದ ಮರಿಗಳನ್ನು ಮಾತ್ರ ಕಾಪಾಡುತ್ತದೆ. ಹಲವು ಕೋಳಿಗಳಲ್ಲಿ ಒಟ್ಟಿಗೆ ಕತ್ತು ತಿರುಚಿಕೊಂಡು, ಹಸಿರು ಭೇದಿಯೂ ಏದುಸಿರೂ ಕಂಡರೆ ಅದು ಜೀವಸತ್ವದ ಕೊರತೆಯಾಗಿರದೆ ಕೊಕ್ಕರೆ ರೋಗವಾಗಿರಬಹುದು. ಆಗ ಮನೆಮದ್ದಿಗೆ ಕೈಹಾಕದೆ ಪಶುವೈದ್ಯ ಶಾಲೆಗೆ ತಿಳಿಸತಕ್ಕದ್ದು.

ಕೈಗೆ ಮೀರಿದುದು

ಹೊಕ್ಕುಳು ಮುಚ್ಚದೆ ಕೆಂಪಾಗಿ ಒದ್ದೆಯಾಗಿದ್ದು, ಹೊಟ್ಟೆ ಊದಿ ಮೆತ್ತಗಾಗಿ ದುರ್ವಾಸನೆ ಬರುತ್ತಿದ್ದರೆ ಬುತ್ತಿಯೇ ಹಳಸಿದೆಯೆಂದು ಅರ್ಥ. ಹೊಕ್ಕುಳಿನ ಮೂಲಕ ರೋಗಾಣುಗಳು ಹಳದಿ ಚೀಲವನ್ನು ಸೇರಿವೆ. ಇಂಥ ಮರಿಗಳು ಬಹುಮಟ್ಟಿಗೆ ಮೊದಲ ವಾರವನ್ನು ದಾಟುವುದಿಲ್ಲ. ಕೊಳಕು ಮೊಟ್ಟೆಗಳನ್ನು ಕಾವಿಗಿಡದಿರುವುದೂ, ಕಾವಿನ ಸ್ಥಳವನ್ನು ಶುಚಿಯಾಗಿಡುವುದೂ ಇದಕ್ಕೆ ನಿಜವಾದ ಮದ್ದು. ಹೊಕ್ಕುಳಿಗೆ ಅಂಟಿಕೊಂಡ ಒಣ ಎಳೆಯನ್ನು ಎಂದಿಗೂ ಎಳೆಯಬಾರದು. ಹಿಂಭಾಗಕ್ಕೆ ಮೆತ್ತಿದ ಹಿಕ್ಕೆಯನ್ನಾದರೋ ಬಿಸಿನೀರಿನ ಹತ್ತಿಯಿಂದ ನೆನಸಿ ತೆಗೆಯಲೇಬೇಕು. ಇಲ್ಲವಾದರೆ ಮಲದ್ವಾರ ಮುಚ್ಚಿ ಮರಿ ಸಾಯುತ್ತದೆ. ಇವೆರಡನ್ನೂ ಒಂದೆಂದು ತಿಳಿದು ಮೋಸಹೋಗಬಾರದು.

ಕೊಕ್ಕುಗಳು ಕತ್ತರಿಯಂತೆ ಅಡ್ಡಾದ ಮರಿಗೆ, ದೋಷ ಅಲ್ಪವಾಗಿದ್ದರೆ, ಆಳವಾದ ಬಟ್ಟಲಿನಲ್ಲಿ ಕಲಸಿದ ಮೇವನ್ನಿಟ್ಟು ಬದುಕಿಸಬಹುದು. ಆದರೆ ಅದರಿಂದ ಮರಿಮಾಡಿಸಬಾರದು. ನಾಲ್ಕು ದಿನಗಳ ಶುಶ್ರೂಷೆಯ ಮೇಲೆಯೂ ತಾನಾಗಿ ಕುಡಿಯಲಾರದ, ತಲೆಯೆತ್ತಲಾರದ, ನೋವಿನಿಂದ ನರಳುವ ಮರಿಯ ವಿಷಯದಲ್ಲಿ ಪಶುವೈದ್ಯರನ್ನು ಕೇಳಬೇಕು. ಯಾತನೆಯಿಲ್ಲದ ಕೊನೆಯನ್ನು ಕೊಡುವುದೂ ಕೆಲವೊಮ್ಮೆ ಶುಶ್ರೂಷೆಯ ಭಾಗವೇ ಆಗುತ್ತದೆ. ಮರಿಯನ್ನು ಮುಟ್ಟಿದ ಪ್ರತಿಸಲವೂ ಕೈಗಳನ್ನು ಸಾಬೂನಿನಿಂದ ತೊಳೆಯುವುದನ್ನು ಮರೆಯಬಾರದು. ಆರೋಗ್ಯವಾಗಿ ಕಾಣುವ ಮರಿಯ ಮೈಯಲ್ಲಿಯೂ ಮನುಷ್ಯರಿಗೆ ಭೇದಿ ಜ್ವರಗಳನ್ನು ತರುವ ಸಾಲ್ಮನೆಲ್ಲ ಜೀವಾಣುಗಳು ಇರಬಹುದು.

ಇಂಥ ಮರಿಯನ್ನು ಸಾಕಲು ತೊಡಗುವ ವಿದ್ಯಾರ್ಥಿಯು ಒಂದು ಸಣ್ಣ ಪುಸ್ತಕವನ್ನಿಟ್ಟು, ಮರಿ ಹುಟ್ಟಿದ ಗಂಟೆ, ಮೊದಲು ನೀರು ಕುಡಿದ ಗಂಟೆ, ಪ್ರತಿದಿನ ಬೆಳಗಿನ ತೂಕ ಇವುಗಳನ್ನು ಬರೆದಿಡಲಿ. ಮೊದಲ ದಿನ ತೂಕ ಕೊಂಚ ಇಳಿಯುವುದು ಸಹಜ. ಮೂರನೆಯ ದಿನದ ಮೇಲೆಯೂ ಇಳಿಯುತ್ತಿದ್ದರೆ ಮರಿ ತಿನ್ನುತ್ತಿಲ್ಲವೆಂದು ತಿಳಿಯಬೇಕು; ಏರತೊಡಗಿದರೆ ಬುತ್ತಿ ಮುಗಿದು ಸ್ವಂತ ಸಂಪಾದನೆ ಆರಂಭವಾಯಿತೆಂದು ಸಂತೋಷಪಡಬಹುದು. ಮರಿ ಉಳಿಯದೆ ಹೋದರೂ ಆ ಬರೆಹ ವ್ಯರ್ಥವಾಗದು. ಕಾವಿನ ಉಷ್ಣತೆಯಲ್ಲಿ ತಪ್ಪಿತೆ, ತಾಯಿಯ ಮೇವಿನಲ್ಲಿ ಕೊರತೆಯಿತ್ತೆ, ನೆಲ ನುಣುಪಾಗಿತ್ತೆ ಎಂಬುದನ್ನು ಅದರಿಂದ ತಿಳಿದು, ಮುಂದಿನ ಸಲ ಮಂಕರಿಯಲ್ಲಿ ಹಿಂದೆ ಉಳಿಯುವ ಮರಿಯೇ ಇಲ್ಲದಂತೆ ಏರ್ಪಾಡು ಮಾಡಿಕೊಳ್ಳಬಹುದು.